ಬ್ರೇಕಕ್ಕನ ಕಾರು

ಕಾರು ಓಡಿಸಲು ಕಲಿಸುತ್ತಿದ್ದ ಅವಳನ್ನು ಊರೆಲ್ಲ ಬ್ರೇಕಕ್ಕ ಎಂದೇ ಕರೆಯುತ್ತಿತ್ತು. ಪಕ್ಕದ ಸೀಟಿನಲ್ಲಿ ಕೂತು ಅವಳು "ಬ್ರೇಕ್!" ಎಂದು ಕೂಗಿದರೆ ಎದುರಿಗೆ ಬರುವ ಗಾಡಿಗಳೂ ನಿಲ್ಲುತ್ತವೆ ಎಂದು ಕಲಿತವರು ನಗುತ್ತಿದ್ದರು. ಅಂಥವಳ ಕಣ್ಣಿಗೇ ಕುತ್ತು ಬಂತು. ಎದುರಿನದು ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಹೋದ ನೋಟ ಮರಳುವುದಿಲ್ಲ, ಇನ್ನು ಕಾರು ಓಡಿಸುವಂತಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಕಾರು ಮಾರದೆ ವಿಧಿಯಿರಲಿಲ್ಲ. ಅದು ಎಲೆಕ್ಟ್ರಿಕ್ ಕಾರು. ಕಾರು ಅವಳದು, ಅದರ ಬ್ಯಾಟರಿ ಮಾತ್ರ ಕಂಪನಿಯದು. ತಿಂಗಳಾ ತಿಂಗಳು ಬಾಡಿಗೆ ಕಟ್ಟಿ ಇಟ್ಟುಕೊಂಡದ್ದು. ನೋಡಲು ಬಂದವರು ಅಷ್ಟು ಕೇಳಿದ್ದೇ ತಡ, ಜಾಗ ಖಾಲಿ ಮಾಡುತ್ತಿದ್ದರು.

"ಬಾಡಿಗೆ ವಿಷಯ ಯಾಕಕ್ಕ ಬಾಯಿ ಬಿಡ್ತೀಯ? ಸುಮ್ನೆ ಮಾರಿ ಕೈ ತೊಳ್ಕೊ," ಎಂದ ತಮ್ಮ.

"ಆಮೇಲೆ ಕಂಪನಿಯೋರು ಚಾರ್ಜೇ ಆಗದ ಹಾಗೆ ಮಾಡಿದ್ರೆ ತಗೊಂಡೋರ ಗತಿ ಏನೋ? ನನ್ ಕೈಲಾಗಲ್ಲ."

ಕೊನೆಗೊಬ್ಬ ನರ್ಸ್ ಬಂದಳು, ಇದೇ ಕಾರಿನಲ್ಲಿ ಕಲಿತವಳು. ಎಲ್ಲ ಕೇಳಿಯೂ ಹಿಂಜರಿಯಲಿಲ್ಲ. "ಬಾಡಿಗೆ ನಾನೇ ಕಟ್ಕೊಂಡು ಹೋಗ್ತೀನಿ ಮೇಡಂ. ಹೊಸ ಕಾರು ಅಂದ್ರೆ ನಂಗೆ ಭಯ," ಎಂದಳು. ಬ್ರೇಕಕ್ಕನಿಗೆ ಹೋದ ಜೀವ ಬಂದಂತಾಯಿತು. ನರ್ಸ್ ಎದುರಿಗೇ ಕಂಪನಿಗೆ ಫೋನ್ ಹಚ್ಚಿದಳು.

"ಬಾಡಿಗೆ ಬೇರೆಯವರ ಹೆಸರಿಗೆ ಮಾಡಿಕೊಡೋಕೆ ಬರಲ್ಲ," ಅತ್ತಲಿನ ಹುಡುಗಿಯ ದನಿ ಮೆತ್ತಗಿತ್ತು. "ಆ ಬ್ಯಾಟರಿ ಬಾಡಿಗೆಗೆ ಕೊಡೋದೇ ಈಗ ನಿಲ್ಲಿಸಿದೀವಿ. ನೀವು ಕಾರು ಮಾರಿದ್ರೂ, ಬಾಡಿಗೆ ಬಿಟ್ರೂ ಬ್ಯಾಟರಿ ನಾವು ಬಂದು ತಗೊಂಡು ಹೋಗ್ತೀವಿ."

"ಬ್ಯಾಟರಿ ಇಲ್ಲದ ಕಾರು ಇಟ್ಕೊಂಡು ನಾನೇನಮ್ಮ ಮಾಡ್ಲಿ?"

ಆ ಮಾದರಿಗೆ ಬೇರೆ ಬ್ಯಾಟರಿಯೂ ಸಿಗುತ್ತಿರಲಿಲ್ಲ. ನರ್ಸ್ ಬ್ರೇಕಕ್ಕನ ಕೈ ಹಿಡಿದು ಒತ್ತಿ, ಎದ್ದು ಹೋದಳು.

ಕಂಪನಿಯವರು ಬಂದು ಕಾರಿನ ಹೊಟ್ಟೆಯಡಿಯಿಂದ ಬ್ಯಾಟರಿ ಇಳಿಸಿಕೊಂಡು ಹೋದರು. ಮೂರಾಬಟ್ಟೆಯಾದ ಕಾರಿಗೆ ಗುಜರಿಯವನೇ ಗತಿಯಾದ. ಅವನು ಲಾರಿ ತಂದು, ಹಲಗೆ ಇಳಿಬಿಟ್ಟು, ಕಾರಿನ ಮೂತಿಗೆ ಸರಪಳಿ ಬಿಗಿದ.

"ಎಳೆಯುವಾಗ ಯಾರಾದ್ರೂ ಸ್ಟೀರಿಂಗ್ ಹಿಡ್ಕೋಬೇಕು," ಎಂದ.

ತಮ್ಮ ಮುಂದೆ ಬಂದ. ಅಷ್ಟರಲ್ಲಿ ಬ್ರೇಕಕ್ಕ ಬಾಗಿಲು ತೆಗೆದು ಒಳಗೆ ಕೂತಾಗಿತ್ತು.

ಸರಪಳಿ ಬಿಗಿಯಿತು. ಜೀವವಿಲ್ಲದ ಸ್ಟೀರಿಂಗ್ ಬಂಡೆಯಂತೆ ಕೂತಿತ್ತು. ಹಲಗೆಯ ಅಂಚು ಅವಳಿಗೆ ಕಾಣಲೇ ಇಲ್ಲ.

"ಎಡಕ್ಕೆ ತಿರುಗಿಸಕ್ಕ... ಇನ್ನೂ ಎಡಕ್ಕೆ... ಸಾಕು ಸಾಕು," ಎಂದು ತಮ್ಮ ಕೂಗುತ್ತ ಹೋದ. ಜೀವಮಾನವಿಡೀ ಬೇರೆಯವರಿಗೆ ಹೇಳಿಕೊಟ್ಟವಳು ಅವನು ಹೇಳಿದಂತೆ ತಿರುಗಿಸಿದಳು.

ಲಾರಿಯಿಂದ ಕೆಳಗಿಳಿಯಲು ತಮ್ಮನ ಭುಜ ಬೇಕಾಯಿತು. ಲಾರಿ ಹೊರಟಿತು. ಅವಳು ನಿಂತಲ್ಲೇ ನಿಂತು ನೋಡಿದಳು. ಅದು ಬೀದಿಯ ತಿರುವು ಮುಟ್ಟುವುದಕ್ಕೆ ಎಷ್ಟೋ ಮೊದಲೇ, ಕೊಂಚ ಪಕ್ಕಕ್ಕೆ ಸರಿದದ್ದಷ್ಟೇ, ಅವಳ ಪಾಲಿಗೆ ಮಾಯವಾಯಿತು.

"ಹೋಯ್ತೇನೋ?" ಎಂದು ಕೇಳಿದಳು.

ಲಾರಿ ಇನ್ನೂ ಬೀದಿಯಲ್ಲೇ ಇತ್ತು. "ಹೂಂ ಅಕ್ಕ, ಹೋಯ್ತು," ಎಂದ ತಮ್ಮ.