ನೀಲಿ ವೈರಿನ ತುದಿ

ಮುಬಷೀರನ ವ್ಯಾನು ಪೊಲೀಸ್ ಠಾಣೆಯಿಂದ ಬಿಡುಗಡೆಯಾಗಿ ಮಂಟಯ್ಯನ ಗುಜರಿ ಅಂಗಳ ಸೇರಿದ ಮರುದಿನ, ಅವನ ತಂದೆ ನಸೀರಣ್ಣ ನಮ್ಮ ಅಂಗಡಿಗೆ ಬಂದರು. ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಹುಣಸೂರಿನಲ್ಲಿ ಕಾರುಗಳಿಗೆ ಸ್ಟೀರಿಯೊ ಜೋಡಿಸುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ನಸೀರಣ್ಣ ಪಕ್ಕದ ಸಾಲಿನಲ್ಲಿ ವಾಹನಗಳ ಸೀಟಿಗೆ ಕುಶನ್ ಹೊಲಿಯುತ್ತಿದ್ದರು.

"ಶಶಿ, ಮಂಟಯ್ಯನ ತಾವ್ಕೆ ಬರ್ತೀಯೇನಪ್ಪ? ವ್ಯಾನಲ್ಲಿರೋ ಆಂಪ್ಲಿಫೈಯರಲ್ಲಿ ಸೌಂಡ್ ಬರ್ತಿತ್ತೋ ಇಲ್ವೋ ನೋಡಿ ಹೇಳ್ಬೇಕು."

"ಈಗ ಬರುತ್ತಾ ಅಂತ ತಾನೇ?"

"ಈಗಲ್ಲ. ಅವತ್ತು."

ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ. ಕೆ.ಆರ್. ನಗರದ ಆಚೆ, ಗೇಟಿಲ್ಲದ ಕಡೆ ಹಳಿ ದಾಟುವಾಗ ಮುಬಷೀರನ ವ್ಯಾನಿಗೆ ರೈಲು ಬಡಿದಿತ್ತು. ವ್ಯಾನಿನಲ್ಲಿ ಅವನೊಬ್ಬನೇ ಇದ್ದ. ಹಾಡಿನ ಅಬ್ಬರದಲ್ಲಿ ರೈಲು ಕೂಗಿದ್ದು ಕೇಳಿಸಲಿಲ್ಲ ಎಂದು ಊರೆಲ್ಲ ಮಾತಾಡಿಕೊಂಡಿತು. ಆ ಆಂಪ್ಲಿಫೈಯರು ಅವನ ಹೆಂಡತಿ ಫರ್ಹತ್, ಮದುವೆಯ ನಂತರದ ಮೊದಲ ರಂಜಾನಿಗೆ ಸರಗೂರಿನ ತವರಿನಿಂದ ತಂದುಕೊಟ್ಟಿದ್ದು. "ನಿನ್ನ ಡಬ್ಬಾನೇ ನನ್ನ ಮಗನನ್ನು ತಿಂದಿದ್ದು" ಎಂದು ತಾಯಿ ಜಮೀಲುನ್ನೀಸಾ ಸೊಸೆಯನ್ನು ಹೊರಗೆ ಹಾಕಿದ್ದರು. ಗಂಡ ಸತ್ತವಳು ಹೊರಗೆ ಕಾಲಿಡದೆ ಗಂಡನ ಮನೆಯಲ್ಲಿ ಕಳೆಯಬೇಕಾದ ಇದ್ದತ್ತಿನ ತಿಂಗಳುಗಳನ್ನು ಆಕೆ ತವರಿನಲ್ಲಿ ಕಳೆದಿದ್ದಳು. ಇದ್ದತ್ ಮುಗಿದದ್ದೇ ತಡ, ಮಾವನಲ್ಲಿಗೆ ಬಂದು, ಅಪಘಾತದ ದಿನ ಆಂಪ್ಲಿಫೈಯರು ಕೆಟ್ಟಿತ್ತು, ಅದನ್ನು ಸಾಬೀತು ಮಾಡಿಸಿ ಎಂದು ಕೇಳಿಕೊಂಡಿದ್ದಳು.

ಮಲ್ಟಿಮೀಟರು, ಒಂದು ಬ್ಯಾಟರಿ, ನನ್ನ ವಾಕ್‌ಮನ್ನು ಹಿಡಿದು ಹೊರಟೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ದೋಷವೊಂದು ಸಿಕ್ಕರೂ ಅದು ಅಪಘಾತಕ್ಕೆ ಮೊದಲೇ ಇತ್ತೇ, ಅಪಘಾತದಿಂದ ಆಯಿತೇ ಅಥವಾ ಠಾಣೆಯ ಬಯಲಿನಲ್ಲಿ ಮಳೆಗೆ ನೆನೆದು ಆಯಿತೇ ಎಂಬುದನ್ನು ಬೇರ್ಪಡಿಸುವುದು ಹೇಗೆ?

"ಬಾರಪ್ಪಾ ಬಿ.ಎಸ್ಸಿ.!" ಮಂಟಯ್ಯ ಕಬ್ಬಿಣದ ರಾಶಿಯ ಮೇಲಿಂದಲೇ ಕೂಗಿದ. "ಮೂತಿನೇ ಇಲ್ದಿರೋ ಗಾಡೀಲಿ ಪದ ಕೇಳಕ್ ಬಂದ್ಯೇನ್ಲಾ?" ನಸೀರಣ್ಣನ ಹಿಂದೆ ಬುರ್ಖಾ ತೊಟ್ಟು ನಿಂತಿದ್ದ ಫರ್ಹತಳನ್ನು ಕಂಡು ಅವನ ದನಿ ಇಳಿಯಿತು. "ತಪ್ ತಿಳ್ಕಬ್ಯಾಡ ಕಣವ್ವ. ನಂಗೊತ್ತಾಗ್ನಿಲ್ಲ."

ವ್ಯಾನಿನ ಮುಂಭಾಗ ಹಿಟ್ಟಿನಂತೆ ಹಿಸುಕಿಹೋಗಿತ್ತು. ಹಿಂಭಾಗ ಮಾತ್ರ ಹೆಚ್ಚು ಕಡಿಮೆ ಹಾಗೆಯೇ ಇತ್ತು. ಆಂಪ್ಲಿಫೈಯರು ಇದ್ದದ್ದು ಹಿಂದಿನ ಸೀಟಿನ ಕೆಳಗೆ. ಡಿಕ್ಕಿಯ ರಭಸಕ್ಕೆ ಸೀಟಿನ ಚೌಕಟ್ಟು ಬಗ್ಗಿ ಕಚ್ಚಿಕೊಂಡಿದ್ದರಿಂದ ಮಂಟಯ್ಯ ಉಳಿ ಇಟ್ಟು ಬೋಲ್ಟುಗಳನ್ನು ಕತ್ತರಿಸಬೇಕಾಯಿತು. ಇದನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ: ಅಪಘಾತದ ನಂತರ ಈ ಸೀಟನ್ನು ಯಾರೂ ಎತ್ತಿಲ್ಲ, ಎತ್ತಲು ಸಾಧ್ಯವೂ ಇರಲಿಲ್ಲ.

"ಅವರೇ ನನಗೆ ಹೇಳಿದ್ರಣ್ಣ," ಫರ್ಹತ್ ಹೇಳಿದಳು. "ಕೆಟ್ಟೋಗಿದೆ, ಚೂರೂ ಸೌಂಡ್ ಬರ್ತಿಲ್ಲ, ಬಿಡುವಾದಾಗ ಶಶಿ ಹತ್ರ ತೋರಿಸ್ತೀನಿ ಅಂತ. ನಿಮ್ಮ ಅಂಗಡಿಗೆ ಬಂದಿದ್ರಾ?"

"ಇಲ್ಲಮ್ಮ, ಬಂದಿರಲಿಲ್ಲ."

ಆಕೆ ತಲೆ ತಗ್ಗಿಸಿದಳು.

ಸದ್ದು ಬಾರದ ಆಂಪ್ಲಿಫೈಯರನ್ನು ಪರೀಕ್ಷಿಸಲು ಒಂದು ಕ್ರಮವಿದೆ. ಅದನ್ನು ನಾನು ಎಂದೂ ಮೀರುವುದಿಲ್ಲ. ಮೊದಲು ಫ್ಯೂಸು: ಸರಿಯಿತ್ತು. ಬ್ಯಾಟರಿಯಿಂದ ಬರುವ ದಪ್ಪ ಕೆಂಪು ವೈರು ಮುಂಭಾಗದಲ್ಲಿ ತುಂಡಾಗಿತ್ತು. ಅದು ಅಪಘಾತದ ಕೆಲಸ, ಅದರಿಂದ ಏನೂ ಸಾಬೀತಾಗದು. ಆ ವೈರಿಗೆ ನನ್ನ ಬ್ಯಾಟರಿಯನ್ನು ಜೋಡಿಸಿದೆ. ಅರ್ಥ್ ವೈರಿನ ಸ್ಕ್ರೂ ಮೇಲೆ ತುಕ್ಕು ಹಿಡಿದಿದ್ದರೂ ಸಂಪರ್ಕ ಬಿಗಿಯಾಗಿತ್ತು. ಆಮೇಲೆ ನೀಲಿ ವೈರು. ಮುಂಭಾಗದ ಸ್ಟೀರಿಯೊವನ್ನು ಚಾಲೂ ಮಾಡಿದಾಗ ಆಂಪ್ಲಿಫೈಯರಿಗೆ 'ಎದ್ದೇಳು' ಎಂದು ತಿಳಿಸುವ ತೆಳ್ಳನೆಯ ವೈರು ಅದು. ಅದಿಲ್ಲದಿದ್ದರೆ ಮಿಕ್ಕೆಲ್ಲ ಸರಿಯಿದ್ದರೂ ಆಂಪ್ಲಿಫೈಯರು ಮಲಗಿಯೇ ಇರುತ್ತದೆ. ಆ ವ್ಯಾನಿನ ಸ್ಪೀಕರುಗಳೆಲ್ಲ ಈ ಆಂಪ್ಲಿಫೈಯರೊಂದಕ್ಕೇ ಜೋಡಣೆಯಾಗಿದ್ದವು.

ನೀಲಿ ವೈರು ಇರಬೇಕಾದ ಜಾಗ ಖಾಲಿಯಿತ್ತು.

ಹರಿದು ಬಂದಿರಬಹುದೆಂದು ಹುಡುಕಿದೆ. ಹರಿದಿರಲಿಲ್ಲ. ಸ್ಕ್ರೂವನ್ನು ಸಡಿಲಿಸಿ ವೈರನ್ನು ಹೊರಗೆಳೆದು, ಸ್ಕ್ರೂವನ್ನು ಮತ್ತೆ ಬಿಗಿ ಮಾಡಲಾಗಿತ್ತು. ವೈರಿನ ತುದಿಯನ್ನು ಮಡಚಿ, ಕಪ್ಪು ಟೇಪನ್ನು ಒತ್ತೊತ್ತಾಗಿ ಸುತ್ತಿ, ಕಾರ್ಪೆಟ್ಟಿನ ಅಂಚಿಗೆ ಸಿಕ್ಕಿಸಿಡಲಾಗಿತ್ತು. ಅಪಘಾತ ಟೇಪು ಸುತ್ತುವುದಿಲ್ಲ.

ನನ್ನ ಬ್ಯಾಟರಿಯಿಂದ ಒಂದು ತುಂಡು ವೈರನ್ನು ಆ ಖಾಲಿ ಜಾಗಕ್ಕೆ ಮುಟ್ಟಿಸಿದೆ. ಹಸಿರು ದೀಪ ಹೊತ್ತಿತು. ವಾಕ್‌ಮನ್ನನ್ನು ಜೋಡಿಸಿದೆ. ಹಿಂದಿನ ಸ್ಪೀಕರುಗಳೆರಡೂ ಒಮ್ಮೆಲೇ ಹಾಡತೊಡಗಿದವು. ತಗಡಿನ ರಾಶಿಯ ಮೇಲೆ ಕೂತಿದ್ದ ಕಾಗೆಗಳು ಎದ್ದುಹೋದವು. ನಸೀರಣ್ಣ ಎರಡೂ ಕಿವಿ ಮುಚ್ಚಿಕೊಂಡರು. ನಾನು ತಕ್ಷಣ ವೈರನ್ನು ಕಿತ್ತೆ.

"ಇದು ಕೆಟ್ಟಿಲ್ಲ," ಎಂದೆ. "ಆದರೆ ಅಪಘಾತದ ದಿನ ಇದರಲ್ಲಿ ಸದ್ದಿರಲಿಲ್ಲ. ಅದಕ್ಕೂ ಮೊದಲೇ ಯಾರೋ ಕೈಯಾರೆ ವೈರನ್ನು ಬಿಡಿಸಿದ್ದಾರೆ."

"ಯಾರೋ ಅಲ್ಲ," ನಸೀರಣ್ಣ ಬಗ್ಗಿ ಟೇಪನ್ನು ಬೆರಳಿನಿಂದ ಸವರಿದರು. "ತುದಿ ಮಡಚಿ ಸುತ್ತೋದು ನಾನೇ ಹೇಳ್ಕೊಟ್ಟಿದ್ದು ಅವ್ನಿಗೆ."

ಫರ್ಹತ್ ಹತ್ತಿರ ಬಂದಳು. ತಾನು ಗೆದ್ದೆನೆಂಬ ಭಾವ ಅವಳ ಮುಖದಲ್ಲಿ ಕ್ಷಣಕಾಲವೂ ನಿಲ್ಲಲಿಲ್ಲ. "ಕೆಟ್ಟೇ ಇರ್ಲಿಲ್ವಾ? ಮತ್ತೆ ಕೆಟ್ಟಿದೆ ಅಂದ್ರಲ್ಲ ನನಗೆ?"

ಮಂಟಯ್ಯ ಉಳಿಯನ್ನು ನೆಲಕ್ಕಿಟ್ಟು ತಲೆ ಕೆರೆದುಕೊಂಡ.

"ಅಲ್ಲ ಕಣ್ ಸಾಬ್ರೇ, ಪದನೇ ಇರ್ನಿಲ್ಲ ಅಂದ್ಮೇಲೆ, ರೈಲು ಕೂಗಿದ್ದು ಕೇಳ್ದೇ ಇರ್ತದಾ?"

"ಮಂಟಯ್ಯ, ಸುಮ್ಕಿರು."

"ಕೇಳಿಸಿತ್ತು ಅಂತ ಇದರಿಂದ ಹೇಳಲಾಗದು," ನಾನು ಅವಸರದಲ್ಲಿ ನಡುವೆ ಬಂದೆ. "ತೂಕಡಿಕೆ ಬಂದಿರಬಹುದು, ಗಾಳಿ ಆ ಕಡೆಗೆ ಬೀಸಿರಬಹುದು. ಹಾಡು ಇರಲಿಲ್ಲ ಎನ್ನುವುದಷ್ಟೇ ಖಚಿತ."

"ನೀನು ಹೇಳೋದು ನಂಗೆ ಅರ್ಥ ಆಗುತ್ತಪ್ಪ. ಅವ್ನ ಅಮ್ಮಂಗೆ?" ನಸೀರಣ್ಣ ವ್ಯಾನಿನ ಬಾಗಿಲಿಗೆ ಒರಗಿದರು. "ನಮಾಜಾದ್ಮೇಲೆ ದಿನಾ ಈ ಡಬ್ಬಾನ ಶಪಿಸಿ, ಆಮೇಲೆ ಒಂಚೂರು ಊಟ ಮಾಡ್ತಾಳೆ. ಇದಲ್ಲ ಅಂತ ಹೇಳಿದ್ರೆ, ಮತ್ತೇನು ಅಂತ ಕೇಳ್ತಾಳೆ. ಬೇಕು ಬೇಕು ಅಂತ ಹೋದ್ನಾ ಅಂತ ಕೇಳ್ತಾಳೆ. ನಾನೇನ್ ಹೇಳ್ಲಿ?" ಅವರು ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿದರು. "ಶಶಿ, ಆ ವೈರು ಜೋಡ್ಸಿಬುಡಪ್ಪ. ಸೌಂಡ್ ಬರ್ತಿತ್ತು ಅಂತ ಇರ್ಲಿ."

"ಶಪಿಸೋದು ಡಬ್ಬಾನಲ್ಲ ಅಬ್ಬಾ," ಫರ್ಹತ್ ಹೇಳಿದಳು. "ನನ್ನ."

ನಸೀರಣ್ಣ ಮುಖ ತಿರುಗಿಸಿದರು. ಅವರ ಭುಜಗಳು ಅಲುಗುತ್ತಿದ್ದವು. ನಾನು ಸ್ಕ್ರೂಡ್ರೈವರನ್ನು ಜೇಬಿಗಿಳಿಸಿದೆ.

ಫರ್ಹತ್ ಮಾವನ ಬೆನ್ನನ್ನು ನೋಡಿದಳು. "ಅಮ್ಮಿಗೆ ಏನು ಬೇಕೋ ಅದನ್ನೇ ಹೇಳಿ ಅಬ್ಬಾ. ಹಾಡು ಜೋರಾಗಿತ್ತು ಅಂತಲೇ ಹೇಳಿ," ಎಂದಳು. "ಆದ್ರೆ ಟೇಪು ಬಿಚ್ಚಿಸಬೇಡಿ. ಹಾಗೇ ನನಗೆ ಕೊಟ್ಟುಬಿಡಿ."

"ಮನೆಗೆ ಬರಲ್ವಾ ಮತ್ತೆ?"

"ಹೇಗೆ ಬರ್ಲಿ?"

ನಾನು ಆಂಪ್ಲಿಫೈಯರನ್ನು ಬಿಚ್ಚಿದೆ. ನೀಲಿ ವೈರನ್ನು ಟೇಪಿನಿಂದ ಒಂದು ಗೇಣು ದೂರದಲ್ಲಿ ಕತ್ತರಿಸಿ, ತುದಿ ಅಲುಗದಂತೆ ಕಾಗದದಲ್ಲಿ ಸುತ್ತಿಕೊಟ್ಟೆ. ಮಂಟಯ್ಯ ಗೋಣಿಚೀಲವೊಂದನ್ನು ಕೊಡವಿ ತಂದ. "ಮಡೀಕಳವ್ವ. ಬಾರ ಅದೆ, ಉಸಾರು."

ಬಸ್ ನಿಲ್ದಾಣದವರೆಗೆ ಚೀಲವನ್ನು ನಸೀರಣ್ಣನೇ ಹೊತ್ತರು. ಎಚ್.ಡಿ. ಕೋಟೆ ಬಸ್ಸು ಹೊರಡಲು ಸಿದ್ಧವಾಗಿತ್ತು. ಅಲ್ಲಿಂದ ಅವಳು ಸರಗೂರಿಗೆ ಬೇರೆ ಬಸ್ಸು ಹಿಡಿಯಬೇಕು. ಚೀಲವನ್ನು ಅವಳ ಸೀಟಿನ ಕೆಳಗೆ ಇಟ್ಟು ನಸೀರಣ್ಣ ಇಳಿದರು. ಆಕೆ ಕಿಟಕಿಯಿಂದ ನನ್ನನ್ನು ಕರೆದಳು.

"ಅಣ್ಣಾ, ಸೌಂಡ್ ಬೇಡ ಅಂತ ಒಂದು ಮಾತು ಹೇಳಿದ್ರೆ ನಾನೇ ತೆಗೆದಿಡ್ತಿದ್ದೆ. ಸದ್ದಿಲ್ದೆ ಇರೋದು ಬೇಕಿತ್ತೇನೋ ಅವರಿಗೆ. ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲಮ್ಮ," ಎಂದೆ.

ಬಸ್ಸು ತಿರುಗಿ ರಸ್ತೆಗಿಳಿಯಿತು. ನಸೀರಣ್ಣ ಟೋಪಿ ಸರಿಪಡಿಸಿಕೊಂಡು, ಮನೆಯಲ್ಲಿ ಹೇಳಬೇಕಾದ ಮಾತನ್ನು ತುಟಿಯಲ್ಲೇ ಒಮ್ಮೆ ಆಡಿ ನೋಡಿ, ಮನೆಯ ಕಡೆ ನಡೆದರು.