ನಲವತ್ತು ಯಲ್ಲಮ್ಮಂದಿರು

ಸತ್ಯಭಾಮಾ, ಸಕ್ಕರೆ ಮುನ್ನೂರ ಹತ್ತು — ಪರದೆಯ ಮೇಲೆ ಮತ್ತೆ ಅದೇ ಸಾಲು, ಆಕೆಯದು ನಿಜಕ್ಕೆ ತೊಂಬತ್ತೆರಡು, ಮುನ್ನೂರ ಹತ್ತು ರುದ್ರಪ್ಪನದು, ಇಬ್ಬರೂ ಲ್ಯಾಬಿನವರೇ, ನಮ್ಮ ಪ್ರೋಗ್ರಾಂ ಪರೀಕ್ಷಿಸಲು ತಮ್ಮದೇ ರಕ್ತ ಕೊಟ್ಟವರು, ಹಾಗಾಗಿ ಗೊತ್ತಾಯಿತು, ಸೋಮವಾರದಿಂದ ನಿಜವಾದ ರೋಗಿಗಳು, ಆಗ ಯಾರು ಕೇಳುತ್ತಿದ್ದರು, ದೇವರೇ — ಹೊರಗೆ ನಾಗಪುರದ ಮೇ ತಿಂಗಳು, ಮಿಹಾನ್ ಐಟಿ ಪಾರ್ಕಿನ ಈ ಎಸಿಯಲ್ಲೂ ಬೆನ್ನು ಬೆವರುತ್ತಿದೆ. ಪ್ರೋಗ್ರಾಮಿನೊಳಗೆ ಒಟ್ಟಿಗೇ ಓಡುವ ಎರಡು ಎಳೆ, ಎರಡು ಥ್ರೆಡ್, ಪರದೆಗೆ ಬರೆಯುವುದು ಪಕ್ಕದ ಮೇಜಿನ ಗೌತಮನದು, ಹೆಸರು ತಪ್ಪಿ ಕಾಣುವುದು ಪರದೆಯಲ್ಲಿ, ಹಾಗಾಗಿ ತಪ್ಪೂ ಅವನದೇ, ಮ್ಯಾನೇಜರ್ ಹೃಷಿಕೇಶ ಸರ್ ಬೆಳಿಗ್ಗೆಯೇ ತೀರ್ಮಾನಿಸಿದರು, ಸಂಜೆಯೊಳಗೆ ಸರಿಹೋಗದಿದ್ದರೆ ಅವನನ್ನ ತೆಗೆದುಬಿಡ್ತೀನಿ ಆಶಾ, ನಾನು ತಲೆಯಾಡಿಸಿದೆ, ಯಾಕೆ ಆಡಿಸಿದೆನೋ, ರಕ್ತ ಪರೀಕ್ಷಿಸುವ ಯಂತ್ರದಿಂದ ಓದುವ ಥ್ರೆಡ್ ನನ್ನದು, ನಲವತ್ತು ಸಲ ಓಡಿಸಿದ್ದೇನೆ, ಒಮ್ಮೆಯೂ ತಪ್ಪಿಲ್ಲ — ನಲವತ್ತೂ ಸಲ ಯಾರ ಹೆಸರು ಹಾಕಿದ್ದೆ? ಅವ್ವನದು. ಯಲ್ಲಮ್ಮ, ಯಲ್ಲಮ್ಮ, ಯಲ್ಲಮ್ಮ, ಹೊಸದೇನು ಶುರು ಮಾಡಿದರೂ ಅವಳ ಹೆಸರೇ ಒತ್ತುವ ಚಟ, ಹುಬ್ಬಳ್ಳಿಯಿಂದ ಫೋನಿನಲ್ಲಿ ನಗುತ್ತಾಳೆ, ಎಷ್ಟ್ ಸಲ ನನ್ನ ರಕ್ತಾ ತಗೀತೀಯೇ — ನಲವತ್ತು ಯಲ್ಲಮ್ಮಂದಿರು ಅದಲುಬದಲಾದರೆ ಯಾರ ಕಣ್ಣಿಗೆ ಬೀಳಬೇಕು! ತೆರೆ ಕೋಡ್, ನೋಡು, ಗೌತಮನ ಥ್ರೆಡ್ಡಿಗೆ ಅಂಕಿಯನ್ನು ಅಂಕಿಯಾಗಿಯೇ ಕೊಟ್ಟಿದ್ದೇನೆ, ಹೆಸರನ್ನು ಕೊಟ್ಟಿಲ್ಲ, ಅದಿರುವ ಜಾಗದ ವಿಳಾಸ ಮಾತ್ರ, ಜಾಗವೋ ನನ್ನ ಥ್ರೆಡ್ಡಿನ ಸ್ಟ್ಯಾಕಿನಲ್ಲಿ, ಬರೀ ತಾತ್ಕಾಲಿಕ, ಫಂಕ್ಷನ್ ಮುಗಿದರೆ ಖಾನಾವಳಿಯ ಕುರ್ಚಿಯ ಹಾಗೆ, ಮುಂದಿನವರು ಬಂದು ಕೂತಾಯಿತು, ಗೌತಮನ ಥ್ರೆಡ್ ತಡವಾಗಿ ಬಂದು ರುದ್ರಪ್ಪನನ್ನು ಹುಡುಕಿದರೆ ಸಿಗುವವಳು ಸತ್ಯಭಾಮಾ. ನನ್ನ ಸಾಲು. ಸಿಕ್ಕಿಬಿದ್ದೆಯಲ್ಲ ಆಶಾ, ನಾಚಿಕೆಯಾಗುತ್ತಿದೆ, ಜೊತೆಗೆ ನಗುವೂ ಬರುತ್ತಿದೆ.

ವಿಳಾಸ ಬೇಡ, ಹೆಸರನ್ನೇ ನಕಲು ಮಾಡಿ ಕೊಡು, ಎರಡೇ ಸಾಲು — ಸದ್ದಿಲ್ಲದೆ ತಿದ್ದಿ ಸುಮ್ಮನಿದ್ದರೆ? ಸರಿಹೋಯಿತು ಎಂದಷ್ಟೇ ಹೇಳಿದರೆ? ಛೀ, ಬೆಳಿಗ್ಗೆಯಿಂದ ಆ ಗೌತಮ ಊಟಕ್ಕೂ ಎದ್ದಿಲ್ಲ. ಗೌತಮ್, ಬಾ ಇಲ್ಲಿ, ತಪ್ಪು ನಂದು, ಸರ್‌ಗೂ ಮೇಲ್ ಹಾಕೀನಿ ನೋಡು. ನಮ್ಮ ಕಡೆಯ ರೈಲ್ವೆಯವರ ಮಗ, ನಾಗಪುರದಲ್ಲೇ ಹುಟ್ಟಿದವನು, ಮೇಲ್ ಓದುತ್ತಾನೆ, ಮತ್ತೊಮ್ಮೆ ಓದುತ್ತಾನೆ, ಕುರ್ಚಿ ಎಳೆದುಕೊಳ್ಳುತ್ತಾನೆ, ಅರ್ಧಾ ನಂದೂ ಐತ್ರಿ ಮೇಡಂ, ನಿಮ್ಮ ಯಲ್ಲಮ್ಮನ್ನೇ ಕಾಪಿ ಮಾಡಿ ನಾನೂ ಟೆಸ್ಟ್ ಮಾಡೀನಿ, ಚಲೋ, ಜಲ್ದಿ ಓಡಿಸ್ರಿ. ತಿದ್ದಿದೆ, ಓಡಿಸಿದೆ. ರುದ್ರಪ್ಪ, ಮುನ್ನೂರ ಹತ್ತು — ನೂರು ಸಲ, ಐನೂರು ಸಲ, ಬರೋಬರ್ ಐತ್ರಿ ಅನ್ನುತ್ತಾನೆ, ಸರ್ ಅವರ ಉತ್ತರ ಬಂದಿರಬಹುದು, ನೋಡಬೇಕು, ನೋಡುತ್ತೇನೆ, ಇದೊಂದು ಸಾಲು ಬರಲಿ — ಸತ್ಯಭಾಮಾ, ತೊಂಬತ್ತೆರಡು. ಸತ್ಯಭಾಮಾ, ತೊಂಬತ್ತೆರಡು. ಸತ್ಯಭಾಮಾ, ತೊಂಬತ್ತೆರಡು.