ಹಿಟ್ಟಿನ ಕೋಲು ಕಂಡ ಮೂರು ಮೆಟ್ಟಿಲು

"ಹಿಟ್ಟು ಬುಡಬೇಕಂತೆ ಕಣ್ರೀ! ಅನ್ನ ಬುಡು ಅಂದಿದ್ರೆ ನಗ್ತಾ ಬುಟ್ಟಾಕ್ತಿದ್ದೆ. ಹಿಟ್ಟು ಬುಟ್ಟು ಮನುಷ್ಯರು ಹೆಂಗ್ರೀ ಬದುಕೋದು?"

ಮೈಸೂರಿನ ಆಸ್ಪತ್ರೆಯಿಂದ ಆಗಷ್ಟೇ ಬಂದ ದೇವೀರಮ್ಮ ಅಡುಗೆಮನೆಯ ಬಾಗಿಲು ಹಿಡಿದುಕೊಂಡು ಗಂಡ ಜವರಪ್ಪನಿಗೆ ಹೀಗೆಂದಾಗ, ನಾನು ಅಲ್ಲೇ ಒಲೆಯ ಪಕ್ಕ ಗೋಡೆಗೆ ಒರಗಿ ನಿಂತಿದ್ದೆ. ನನ್ನ ಎದೆ ಧಸಕ್ಕೆಂದಿತು. ಕೋಲಿಗೆ ಎದೆ ಎಲ್ಲಿಂದ ಬಂತು ಎಂದು ನಗಬೇಡಿ. ಬಿಸಿ ಹಿಟ್ಟಿನೊಳಗೆ ಅಷ್ಟು ವರ್ಷ ಮುಳುಗಿ ಎದ್ದವರಿಗೆ ಏನೇನೋ ಬರುತ್ತದೆ.

ಹೌದು, ನಾನು ಒಂದು ಹಿಟ್ಟಿನ ಕೋಲು. ರಾಗಿ ಮುದ್ದೆ ತಿರುವುವ ಕೋಲು. ನಾಗಮಂಗಲದ ಕಡೆ ನಮ್ಮವರು ಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು. ಒಂದು ಗಾಳಿಗಾಲದಲ್ಲಿ ಬದುವಿನ ಮೇಲೆ ಉರುಳಿದ ಹುಣಸೆಮರದ ಕೊಂಬೆ ನಾನು. ಸಿದ್ದಾಚಾರಿ ಬಾಚಿಯಿಂದ ಕೆತ್ತಿ, ಗಾಜಿನ ಚೂರಿನಿಂದ ಹೆರೆದು, ಹರಳೆಣ್ಣೆ ಕುಡಿಸಿ ನನ್ನನ್ನು ಕೋಲು ಮಾಡಿದ. ಕೆತ್ತುವಾಗ ಬಹಳ ನೋವಾಯಿತು. ಅವತ್ತಿನಿಂದ ಇವತ್ತಿನವರೆಗೆ ನನ್ನ ಆಕಾರ ಅದೇ. ತುದಿ ಒಂಚೂರು ಸವೆದಿದೆ, ಮೈಗೊಂದು ಬಿರುಕು ಬಂದಿದೆ, ಅಷ್ಟೆ.

ನನ್ನನ್ನು ಮೊದಲು ಕೈಗೆ ತೆಗೆದುಕೊಂಡವಳು ಜವರಪ್ಪನ ತಾಯಿ ಕಾಳಮ್ಮ. ತಿರುಗಿಸಿ ಮುರುಗಿಸಿ ನೋಡಿ, ಪಕ್ಕದಲ್ಲಿ ನಿಂತಿದ್ದ ಹೊಸ ಸೊಸೆಯನ್ನೂ ಒಮ್ಮೆ ನೋಡಿ, "ಏನೋ ಆಚಾರಿ, ಕೋಲು ನನ್ ಸೊಸೆಗಿಂತ ದಪ್ಪ ಆಯ್ತಲ್ಲೋ!" ಎಂದು ನಕ್ಕಳು. ಆ ಸೊಸೆಯೇ ದೇವೀರಮ್ಮ. ಸೌದೆಯ ಸೀಳಿನಂತಿದ್ದಳು. ನನ್ನನ್ನು ಎರಡು ಕೈಯಲ್ಲಿ ಹಿಡಿದರೂ ಮಡಕೆಯೊಳಗೆ ನಾನೇ ಅವಳನ್ನು ತಿರುಗಿಸುತ್ತಿದ್ದೆ.

ಕಾಳಮ್ಮ ಸೊಸೆಗೆ ಎಲ್ಲವನ್ನೂ ಕಲಿಸಿದಳು. ಎಸರು ಯಾವಾಗ ಕೊತಕೊತ ಅನ್ನಬೇಕು, ಹಿಟ್ಟು ಸುರಿದ ಮೇಲೆ ಎಷ್ಟು ಹೊತ್ತು ಮುಟ್ಟಬಾರದು, ಗಂಟಾಗದಂತೆ ಮಡಕೆಯ ಅಂಚಿಗೆ ಹೇಗೆ ಒತ್ತಬೇಕು. ಕೊನೆಯಲ್ಲಿ ಒಂದು ಮಾತು ಹೇಳುತ್ತಿದ್ದಳು. "ಕೋಲಿಗೆ ಅಂಟಿದ್ದು ತಿರುವಿದೋಳ ಪಾಲು ಕಣಮ್ಮಿ. ಅದನ್ನ ನೀರಿಗೆ ಹಾಕಬ್ಯಾಡ, ಲಕ್ಷ್ಮಿ ಮುನಿಸ್ಕತಾಳೆ."

ಅವತ್ತಿನಿಂದ ದೇವೀರಮ್ಮ ನನ್ನನ್ನು ಮಡಕೆಯಿಂದ ಎತ್ತಿದ ಕೂಡಲೇ ಒದ್ದೆ ಬೆರಳಲ್ಲಿ ತುದಿಯನ್ನು ಸವರಿ, ಬಂದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೇ ನನಗೆ ಸ್ನಾನ.

ಕಾಳಮ್ಮ ಹೋದಳು. ಊರ ಮುಂದೆ ಹೆದ್ದಾರಿ ಬಂತು. ಗಂಡ ಹೆಂಡತಿ ಅಲ್ಲೇ ಒಂದು ಮುದ್ದೆ ಹೋಟೆಲ್ ಹಾಕಿದರು. ಜವರಪ್ಪ ಸಾರಿಗೆ ನಿಂತ, ದೇವೀರಮ್ಮ ಹಿಟ್ಟಿಗೆ ನಿಂತಳು. ನಿಂತಳು ಎಂದರೆ ನಿಂತೇಬಿಟ್ಟಳು. ಒಂದು ಕೊಳದಪ್ಪಲೆ ಇಳಿಯುವಷ್ಟರಲ್ಲಿ ಇನ್ನೊಂದು. ಲಾರಿಯವರು, ಮದುವೆಗೆ ಹೋಗುವವರು, ಮದುವೆಯೂಟ ಸಾಲದೆ ಬಂದವರು, ಎಲ್ಲರೂ "ದೇವೀರಕ್ಕಾ, ಇನ್ನೊಂದು!" ಎನ್ನುವವರೇ. ಹೋಟೆಲು ಬೆಳೆಯಿತು, ಅವಳೂ ಬೆಳೆದಳು. ಕೆಳಗಿನಿಂದ ನೋಡುವ ನನಗೆ ಕೊನೆಕೊನೆಗೆ ಅವಳ ಮುಖವೇ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮಂಡಿ. ಸೀರೆಯ ಒಳಗೇ ಅವು ಊದಿಕೊಂಡು ನಡುಗುತ್ತಿದ್ದವು. ನೋವು ತಡೆಯಲಾರದೆ ಅವಳು ನನ್ನ ಮೇಲೆ ಭಾರ ಬಿಟ್ಟು ನಿಲ್ಲುತ್ತಿದ್ದಳು. ಊರುಗೋಲು ಆಗುವುದು ನನ್ನ ಕಸುಬಲ್ಲ, ಆದರೂ ಆಗಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಇಷ್ಟು. ಮಂಡಿ ಸವೆದಿದೆ, ಬದಲಾಯಿಸಬೇಕು. ಈ ತೂಕ, ಈ ಸಕ್ಕರೆ ಕಾಯಿಲೆ ಇಟ್ಟುಕೊಂಡು ಆಪರೇಷನ್ ಮಾಡುವುದಿಲ್ಲ, ಇಳಿಸಿಕೊಂಡು ಬನ್ನಿ. ಇಲ್ಲವಾದರೆ ನಿಂತು ಮಾಡುವ ಕೆಲಸವನ್ನೇ ಬಿಡಿ.

"ಕೋಲು ಬುಟ್ಟು ನಾನೇನ್ ಮಾಡ್ಲಿ? ಗಲ್ಲಾದಲ್ಲಿ ಬೊಂಬೆ ಹಂಗೆ ಕೂತ್ಕಳ್ಳಾ?" ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬುಡಬ್ಯಾಡ. ಕೋಲು ಇರ್ಲಿ, ಹಿಟ್ಟು ಬುಡು," ಎಂದ ಜವರಪ್ಪ.

ಆಸ್ಪತ್ರೆಯ ಡಯಟ್ ಮೇಡಂ ಶಾಲಿನಿ ಅವಳಿಗೆ ಪಥ್ಯವನ್ನು ಹಂತಹಂತವಾಗಿ ಹೇಳಿಕೊಟ್ಟಿದ್ದರು. ದೇವೀರಮ್ಮ ಅವನ್ನು ಮೆಟ್ಟಿಲು ಎನ್ನುತ್ತಿದ್ದಳು. ಮೊದಲನೇ ಮೆಟ್ಟಿಲಲ್ಲಿ ಮುದ್ದೆ, ಅನ್ನ, ಚಪಾತಿ, ಹಣ್ಣು, ಸಕ್ಕರೆ ಯಾವುದೂ ಇಲ್ಲ. ಮೊಟ್ಟೆ, ಕೋಳಿ, ಸೊಪ್ಪು ತಿನ್ನಬಹುದು. ಎರಡನೆಯದರಲ್ಲಿ ಮೊಸರು, ಕಡಲೆಕಾಯಿ, ಒಂದಿಷ್ಟು ಕಾಳು. ಮೂರನೆಯದಕ್ಕೆ ಬಂದರೆ ಹಿಟ್ಟು ಮತ್ತೆ ತಟ್ಟೆಗೆ ಬರುತ್ತದೆ, ಆದರೆ ಚಿಕ್ಕದಾಗಿ. ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ಮಾತ್ರ ತೂಕ ನೋಡಿ ಮೇಡಮ್ಮೇ ಹೇಳಬೇಕು.

ಆಗ ನಾನು ಕಂಡದ್ದನ್ನು ಹೇಗೆ ಹೇಳಲಿ! ಇಡೀ ದಿನ ಹೊಗೆಯಾಡುವ ಹಿಟ್ಟಿನ ಮುಂದೆ ನಿಂತು, ಊರಿಗೆಲ್ಲ ಮುದ್ದೆ ಕಟ್ಟಿ, ತಾನು ಮೂಲೆಯಲ್ಲಿ ಕೂತು ಬರಿಯ ಸೊಪ್ಪು, ಸಾರಿನ ಕೋಳಿ ತುಂಡು ತಿನ್ನುವ ಹೆಂಗಸು. "ಏನ್ ದೇವೀರಕ್ಕ, ನೀನ್ ಮಾಡಿದ್ ಹಿಟ್ಟು ನಿಂಗೇ ಸೇರಲ್ವಾ? ಏನಾದ್ರೂ ಬೆರೆಸಿದೀಯಾ?" ಎಂದು ಲಾರಿಯವರು ರೇಗಿಸಿದರೆ, "ಹೂಂ ಕಣಪ್ಪ, ನಿನ್ ಬಾಯಿ ಮುಚ್ಚೋ ಮದ್ದು ಬೆರೆಸಿವ್ನಿ, ತಿನ್ನು," ಎನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು. ನನ್ನನ್ನು ಹಿಡಿದ ಬೆರಳುಗಳು ಮಾತ್ರ ಬಿಗಿಯಾಗುತ್ತಿದ್ದವು.

ಆದರೂ ತೂಕ ಸ್ವಲ್ಪ ಇಳಿದು ನಿಂತುಹೋಯಿತು. ಆಸ್ಪತ್ರೆಗೆ ಹೋಗಿ ಬಂದಾಗಲೆಲ್ಲ ಅದೇ ಮಾತು: ಇನ್ನೂ ಮೊದಲನೇ ಮೆಟ್ಟಿಲೇ.

"ನಿಜ ಯೋಳು. ಕದ್ದುಮುಚ್ಚಿ ತಿಂತಿದ್ದೀಯಾ?" ಎಂದುಬಿಟ್ಟ ಜವರಪ್ಪ.

"ನನ್ ಮಕ್ಕಳಾಣೆ ಒಂದ್ ಮುದ್ದೆ ಮುಟ್ಟಿಲ್ಲ!" ಎಂದು ಅವಳು ಕೂಗಿದಳು. ಅದು ನಿಜವೇ. ಆಮೇಲೆ ಅವನೊಂದಿಗೆ ಮಾತು ಬಿಟ್ಟಳು. ಸಾರು ಬೇಕಾದರೆ ನನ್ನಿಂದ ದಪ್ಪಲೆಗೆ ಟಣ್ ಎಂದು ಹೊಡೆಯುತ್ತಿದ್ದಳು, ಅವನು ತಂದಿಡುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಶಾಲಿನಿ ಮೇಡಂ ತಾವೇ ಹೋಟೆಲಿಗೆ ಬಂದರು. ಅಡುಗೆಮನೆಯ ಬಾಗಿಲ ಎದುರಿನ ಮೇಜಿಗೆ ಕೂತು, ಮುದ್ದೆ, ನಾಟಿಕೋಳಿ ಸಾರು ಹೇಳಿದರು.

"ಊರೋರ್ಗೆಲ್ಲ ಹಿಟ್ಟು ಬುಡ್ಸಿ ನೀವ್ ತಿನ್ನಕ್ ಬಂದ್ರಾ ಮೇಡಮ್ಮೋರೆ?" ಎಂದ ಜವರಪ್ಪ.

"ನನ್ನ ಮಂಡಿ ಇನ್ನೂ ಗಟ್ಟಿ ಇದೆ ಗೌಡ್ರೇ," ಎಂದು ನಕ್ಕ ಅವರು, ಬೆರಳು ಸಾರಿನಲ್ಲಿ ಇರುವಂತೆಯೇ ಅಡುಗೆಮನೆಯ ಒಳಗೆ ನೋಡಿದರು. "ದೇವೀರಮ್ಮ, ಈಗ ಬಾಯಿಗೆ ಏನು ಹಾಕ್ಕೊಂಡ್ರಿ?"

"ನಾನಾ? ಏನೂ ಇಲ್ವಲ್ಲ."

"ಕೋಲಿಂದ ತೆಗೆದು ಹಾಕ್ಕೊಂಡ್ರಲ್ಲ."

"ಓ, ಅದಾ! ಅದು ಊಟ ಅಲ್ಲ ಮೇಡಂ. ಕೋಲು ಸವರೋದು. ನೀರಿಗೆ ಹಾಕಬಾರ್ದು ಅಂತ ನಮ್ಮತ್ತೆ..." ಅಷ್ಟು ಹೇಳುತ್ತಿದ್ದಂತೆ ಅವಳ ದನಿ ತಗ್ಗಿತು.

ಮೇಡಂ ಬೈಯಲಿಲ್ಲ. ಒಂದು ಖಾಲಿ ಬಟ್ಟಲನ್ನು ಒಲೆಯ ಕಟ್ಟೆಯ ಮೇಲಿಟ್ಟು, "ಇವತ್ತೊಂದು ದಿನ ನಿಮ್ಮ ಪಾಲನ್ನ ಇದಕ್ಕೆ ಹಾಕಿ, ನೋಡೋಣ," ಎಂದು ಹೇಳಿ ಹೋದರು.

ಅವಳ ಕೈ ಆಗಾಗ ಬಾಯಿಯ ಹತ್ತಿರ ಹೋಗಿ, ಬೆಚ್ಚಿ, ಬಟ್ಟಲಿಗೆ ಇಳಿಯುತ್ತಿತ್ತು. ಸಂಜೆ ಒಲೆ ಆರಿಸಿದ ಮೇಲೆ ಅವಳು ಬಟ್ಟಲಿನದ್ದನ್ನು ಒದ್ದೆ ಕೈಯಲ್ಲಿ ಕೂಡಿಸಿ ಕಟ್ಟಿದಳು. ಗಿರಾಕಿಗೆ ಕೊಡುವ ಮುದ್ದೆಗಿಂತ ದೊಡ್ಡದಾಯಿತು! ಗಂಡ ಹೆಂಡತಿ ಇಬ್ಬರೂ ಹುತ್ತದಿಂದ ಎದ್ದ ಹಾವನ್ನು ಕಂಡವರಂತೆ ಅದನ್ನೇ ನೋಡುತ್ತಾ ನಿಂತರು.

"ಇದು ದಿನಾ ನನ್ ಹೊಟ್ಟೆಗೆ ಓಯ್ತಿತ್ತಾ?"

"ನಾನ್ ಹಂಗನ್ನಬಾರ್ದಾಗಿತ್ತು ಕಣಮ್ಮಿ," ಎಂದ ಜವರಪ್ಪ, ತಲೆ ಕೆರೆದುಕೊಳ್ಳುತ್ತಾ.

ಮರುದಿನದಿಂದ ನನ್ನ ತುದಿಯ ಹಿಟ್ಟು ಕೊಟ್ಟಿಗೆಯ ಎಮ್ಮೆಯ ಪಾಲಾಯಿತು. ಮೊದಮೊದಲು ಅವಳು ನನ್ನನ್ನು ಸವರುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ಸಲ ಕೆನ್ನೆಯ ಮೇಲೆ ನೀರು ಇಳಿದದ್ದನ್ನೂ ಕಂಡೆ. ಅತ್ತೆ ಕೊಟ್ಟ ಪಾಲನ್ನು ಬಿಡುವುದು ಬರಿಯ ರಾಗಿ ಬಿಟ್ಟಂತಲ್ಲ. ಬಿಟ್ಟಳು. ತೂಕ ಮತ್ತೆ ಇಳಿಯತೊಡಗಿತು. ರವಿಕೆಗೆ ಪಿನ್ನು ಬಂತು, ಬಳೆ ಮುಂಗೈಗೆ ಜಾರಿತು. ಮತ್ತೊಮ್ಮೆ ನನಗೆ ಅವಳ ಮುಖ ಕಾಣತೊಡಗಿತು.

ಎರಡನೇ ಮೆಟ್ಟಿಲು ಹತ್ತಿ ಎಂದು ಮೇಡಂ ಹೇಳಿದ ದಿನ ಅವಳು ಅಂಗೈಯಲ್ಲಿ ಹುರಿದ ಕಡಲೆಕಾಯಿ ಹಿಡಿದು ಬಹಳ ಹೊತ್ತು ಕೂತಿದ್ದಳು. ಬಿಡು ಎಂದಾಗ ಅತ್ತವಳು, ತಿನ್ನು ಎಂದಾಗ ಹೆದರಿದಳು. "ಏನ್ ಹಂಗ್ ನೋಡ್ತೀಯ, ಅದೇನ್ ಕಚ್ತದಾ?" ಎಂದು ಜವರಪ್ಪ ಒಂದನ್ನು ಸುಲಿದು ಅವಳ ಬಾಯಿಗೇ ಇಟ್ಟ. ತಿಂದಳು. ತೂಕ ಏರಲಿಲ್ಲ. ಮೇಲಿನ ಮೆಟ್ಟಿಲಿಗೆ ಕಾಲಿಡುವುದೂ ಕಷ್ಟವೇ ಎಂದು ನನಗೆ ಆವತ್ತು ಗೊತ್ತಾಯಿತು. ನನ್ನನ್ನು ಕೆತ್ತಲು ಆಚಾರಿಯೂ ಅವನ ಬಾಚಿಯೂ ಬೇಕಾಯಿತು. ತನ್ನನ್ನು ತಾನೇ ಕೆತ್ತಿಕೊಳ್ಳುವ ಮರವನ್ನು ನಾನು ಯಾವ ಬದುವಿನ ಮೇಲೂ ಕಂಡಿಲ್ಲ.

ಕೊನೆಗೆ ಡಾಕ್ಟರು ಒಪ್ಪಿದರು. ಅವಳು ಆಪರೇಷನ್‌ಗೆ ಹೋದಾಗ ಜವರಪ್ಪ ಹೋಟೆಲಿಗೆ ಮುದ್ದೆ ತಿರುವುವ ಯಂತ್ರ ತಂದ. ಗುರ್ರೆಂದು ತಿರುಗುವ ಅದಕ್ಕೆ ಮಂಡಿಯೂ ಇಲ್ಲ, ನೋವೂ ಇಲ್ಲ. ನನ್ನನ್ನು ಮೂಲೆಯ ಮೊಳೆಗೆ ನೇತುಹಾಕಿದರು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಮೈ ಒಣಗಿ ಉದ್ದಕ್ಕೂ ಒಂದು ಬಿರುಕು ಬಂತು. ಆದರೆ ನನಗೆ ಚಿಂತೆ ಇದ್ದದ್ದು ಅವಳದ್ದೇ. ಎದ್ದು ನಿಂತಳೋ ಇಲ್ಲವೋ?

ಬಂದಳು. ಮೊದಲು ವಾಕರ್ ಹಿಡಿದು, ಆಮೇಲೆ ಗೋಡೆ ಹಿಡಿದು, ಆಮೇಲೆ ಏನನ್ನೂ ಹಿಡಿಯದೆ. ಒಂದು ಬೆಳಿಗ್ಗೆ ನೇರವಾಗಿ ಮೂಲೆಗೆ ನಡೆದು ಬಂದು ನನ್ನನ್ನು ಮೊಳೆಯಿಂದ ತೆಗೆದಳು. ಧೂಳು ಒರೆಸಿ, ಬಿರುಕಿಗೆ ಹರಳೆಣ್ಣೆ ಸವರಿ, ಸಣ್ಣ ಒಲೆಯ ಮೇಲೆ ಸಣ್ಣ ಮಡಕೆ ಇಟ್ಟಳು.

"ಮಿಷಿನ್ ಐತಲ್ಲ, ಯಾಕಮ್ಮಿ ಅದು?" ಎಂದ ಜವರಪ್ಪ.

"ಮೂರ್ನೇ ಮೆಟ್ಟಿಲು ಹತ್ತು ಅಂದವ್ರೆ ಮೇಡಂ. ಒಂದ್ ನಿಂಬೆಹಣ್ಣಿನ ಗಾತ್ರ ಹಿಟ್ಟು ತಿನ್ಬೌದಂತೆ. ಮಿಷಿನ್ನಿನ ಹಿಟ್ಟು ತಿಂದು ಹತ್ತೋ ಮೆಟ್ಟಿಲಲ್ಲ ಇದು."

ಎಸರು ಕೊತಕೊತ ಎಂದಿತು. ಅವಳು ನನ್ನ ಮೇಲೆ ಭಾರ ಬಿಡದೆ, ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತು ತಿರುವಿದಳು. ನಾನು ಅವಳ ಮಂಡಿಯನ್ನೇ ನೋಡುತ್ತಿದ್ದೆ. ನಡುಗಲಿಲ್ಲ. ಆದ ಹಿಟ್ಟನ್ನು ದುಂಡಗೆ ಕಟ್ಟಿ ಗಂಡನ ತಟ್ಟೆಗೆ ಇಟ್ಟಳು.

"ಎಲ್ಲಾ ನಂಗೇ ಹಾಕ್ಬುಟ್ಯಲ್ಲ, ನಿಂದೆಲ್ಲಿ?"

"ಐತೆ, ತಿನ್ನಿ ನೀವು."

ಅವಳು ನನ್ನನ್ನು ಕೈಯಲ್ಲಿ ಎತ್ತಿ ಹಿಡಿದು, ಬೆರಳು ಒದ್ದೆ ಮಾಡಿಕೊಂಡು, ನನ್ನ ತುದಿಯನ್ನು ನಿಧಾನವಾಗಿ ಸವರಿದಳು. ಬಂದದ್ದನ್ನು ಅಂಗೈಯಲ್ಲಿ ಉರುಳಿಸಿದಳು; ನಿಂಬೆಹಣ್ಣಿಗಿಂತ ಒಂದು ಚೂರು ಕಡಿಮೆಯೇ ಇತ್ತು. ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ, ಅಗಿಯದೆ ನುಂಗಿದಳು.